ಪಾರ್ಕಿನ ಹಿಂದಿನ ದಾರಿ

ನಮ್ಮ ಬೀದಿಯ ಟೈಲರಮ್ಮನ ಸೊಸೆಗೆ ಹೆರಿಗೆಯಾಯಿತು, ಮಗು ಉಳಿಯಲಿಲ್ಲ. ಅಂದಿನಿಂದ ಸೊಸೆ ಒಳಕೋಣೆ ಬಿಟ್ಟು ಬರಲಿಲ್ಲ. ಪಕ್ಕದ ಮನೆಯ ಮಕ್ಕಳ ದನಿ ಅವಳ ಕಿವಿಗೆ ಬೀಳದಿರಲಿ ಎಂದು ಟೈಲರಮ್ಮ ಕಿಟಕಿಗಳನ್ನೆಲ್ಲ ಮುಚ್ಚಿದರು. ಮಗುವಿನ ಮಾತೇ ಎತ್ತಬಾರದು ಎಂದು ಮಗನಿಗೂ ತಾಕೀತು ಮಾಡಿದರು. ಎಲ್ಲವೂ ಪ್ರೀತಿಯಿಂದಲೇ. ಆದರೆ ಸೊಸೆ ದಿನದಿಂದ ದಿನಕ್ಕೆ ಸೊರಗಿದಳು. ತಟ್ಟೆಗೆ ಬಡಿಸಿದ್ದು ಬಡಿಸಿದ ಹಾಗೇ ಇರುತ್ತಿತ್ತು.

ಬಾಣಂತಿಯನ್ನು ನೋಡಲು ಬರುತ್ತಿದ್ದ ನರ್ಸಕ್ಕ ಹಠ ಹಿಡಿದು ಡಾಕ್ಟರಿಗೆ ತೋರಿಸಿದರು. ಔಷಧಿಯ ಜೊತೆಗೆ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ನಡೆಯಲಿ ಎಂದರು ಡಾಕ್ಟರು. ಟೈಲರಮ್ಮನ ನಾಲಿಗೆ ಅವರ ಕತ್ತರಿಗಿಂತ ಹರಿತ.

"ಮರ ನೋಡಿದ್ರೆ ಹೋದ ಕೂಸು ವಾಪಸ್ ಬರುತ್ತೇನಮ್ಮಾ?"

"ಬರಲ್ಲಮ್ಮ. ಆದ್ರೆ ಇರೋ ಮಗಳನ್ನ ಉಳಿಸ್ಕೋಬೇಕಲ್ವಾ? ಮೈಗೆ ಗಾಳಿ ಬೆಳಕು ಬೀಳ್ಲಿ. ಹಸಿವು ನಿದ್ದೆ ನಿಧಾನಕ್ಕೆ ದಾರಿಗೆ ಬರುತ್ತೆ," ಎಂದರು ನರ್ಸಕ್ಕ.

ಆಗ ಟೈಲರಮ್ಮ ಒಳಗಿನ ಭಯ ಹೊರಹಾಕಿದರು. ಪಾರ್ಕೆಂದರೆ ಉಯ್ಯಾಲೆ, ಜಾರುಬಂಡೆ, ಬೀದಿಯ ಮಕ್ಕಳೆಲ್ಲ ಅಲ್ಲೇ. ಅವರನ್ನು ಕಂಡು ಹುಡುಗಿ ಇನ್ನಷ್ಟು ಕುಗ್ಗಿದರೆ? ಪಾರ್ಕಿನ ಹಿಂದೆ ಇನ್ನೊಂದು ಗೇಟಿದೆ, ಅಲ್ಲಿಂದ ಕೊಳದ ಸುತ್ತ ಕಾಲುದಾರಿ, ಬೆಳಿಗ್ಗೆ ಅತ್ತ ಮಕ್ಕಳು ಸುಳಿಯುವುದಿಲ್ಲ ಎಂದು ನರ್ಸಕ್ಕ ತಿಳಿಸಿದರು. ಸುಮ್ಮನೆ ಜೊತೆಗೆ ನಡೆಯಿರಿ, ಉಪದೇಶ ಬೇಡ ಎಂದು ಟೈಲರಮ್ಮನ ಬಾಯಿಗೂ ಬೀಗ ಹಾಕಿದರು.

ವಸಂತ ಕಾಲ. ಮರಗಳ ತುಂಬ ಎಳೆ ಚಿಗುರು. ಸೊಸೆ ತಲೆ ಎತ್ತಿ ನೋಡಲೂ ಇಲ್ಲ. ಮೊದಮೊದಲು ಅತ್ತೆ ಸೊಸೆ ಇಬ್ಬರೂ ಗೇಟಿನಿಂದಲೇ ಹಿಂತಿರುಗಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದು ಟೈಲರಮ್ಮ ಗೊಣಗಿದರು, ಆದರೆ ಮರುದಿನ ಮತ್ತೆ ಹೊರಟರು.

ಒಂದು ಬೆಳಿಗ್ಗೆ ಕೊಳದ ಬಳಿ ಕಲ್ಲುಬೆಂಚಿನ ಮೇಲೆ ಕುಳಿತಿದ್ದಾಗ ಸೊಸೆ ತಾನಾಗಿಯೇ ಬಾಯಿಬಿಟ್ಟಳು.

"ಅತ್ತೆ, ಪಾಪು ಮೂಗು ನಿಮ್ಮ ಥರಾನೇ ಇತ್ತು."

ಟೈಲರಮ್ಮ ಆ ಮಗುವಿನ ಮುಖ ನೋಡಿರಲಿಲ್ಲ. ಅವರಿಗೆ ಧೈರ್ಯ ಬಂದಿರಲಿಲ್ಲ. ಈಗ ಅತ್ತುಬಿಟ್ಟರು. ಸೊಸೆಯೂ ಅತ್ತಳು. "ಇನ್ನೂ ಹೇಳು. ಹೇಗಿದ್ಲು ನಮ್ಮ ಪಾಪು?" ಎಂದು ಕೇಳಿದರು. ಸೊಸೆ ಹೇಳುತ್ತಾ ಹೋದಳು. ಬಿಸಿಲೇರುವವರೆಗೂ ಇಬ್ಬರೂ ಏಳಲಿಲ್ಲ.

ಆ ಮನೆಯ ದುಃಖ ಹೋಗಿಲ್ಲ, ಬೇಗ ಹೋಗುವಂಥದ್ದೂ ಅಲ್ಲ. ಆದರೆ ಸೊಸೆ ಈಗ ಎರಡು ತುತ್ತು ಉಣ್ಣುತ್ತಾಳೆ. ಬೆಳಗಾದರೆ ಮೊದಲು ಚಪ್ಪಲಿ ಮೆಟ್ಟುವವರು ಟೈಲರಮ್ಮನೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ದುಃಖದಿಂದ ಮೂಲೆ ಹಿಡಿದವರಿದ್ದರೆ ವೈದ್ಯರಿಗೆ ತೋರಿಸಿ. ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋಗಿ. ಬುದ್ಧಿವಾದ ಬೇಡ, ಪಕ್ಕದಲ್ಲಿ ಕುಳಿತರೆ ಸಾಕು. ಅವರು ಬಾಯಿಬಿಡುವ ದಿನ ಕೇಳಲು ನೀವು ಅಲ್ಲಿರಬೇಕು.