ಮಂಚವಿದ್ದ ಜಾಗ

"ಇಲ್ಲೇ. ಮಂಚ ಇಲ್ಲೇ ಇತ್ತು," ಎಂದು ಎಲೋಯ್ಸಾ ಊರುಗೋಲಿನಿಂದ ತೋರಿಸಿದಳು.

ಅಲ್ಲೀಗ ಹಳೆ ಟೈರುಗಳ ರಾಶಿ. ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ತೀರಿಕೊಂಡು, ಅಮೆರಿಕದ ಗಡಿಯೂರು ಬ್ರೌನ್ಸ್‌ವಿಲ್‌ನ ಅವಳ ಮನೆ ಪಂಕ್ಚರ್ ಅಂಗಡಿಯಾಗಿ ಇಪ್ಪತ್ತು ವರ್ಷವಾಗಿತ್ತು. ಮಗ ಬಾಲ್ಡೆಮಾರ್‌ಗೆ ಐವತ್ತಮೂರು. ಬೆಳಗಿನಿಂದ ಅಂಚೆ ಹಂಚಿ ಅವನ ಕಾಲುಗಳು ಸೋತಿದ್ದವು.

"ಏನ್ ಪ್ರೆಸಿಡೆಂಟ್ರೇ, ಟೈರ್ ಬೇಕಾ?" ಅಂಗಡಿಯ ಚಾನೋ ಒಳಗಿನಿಂದ ಕೂಗಿದ.

ಆ ಅಡ್ಡಹೆಸರು ತಾಯಿಯದೇ ಕೊಡುಗೆ. ಅಮೆರಿಕದ ನೆಲದಲ್ಲಿ ಹುಟ್ಟಿದ ಮಗು ಮುಂದೆ ಆ ದೇಶದ ಅಧ್ಯಕ್ಷನೂ ಆಗಬಹುದು ಎಂದು ಯಾರೋ ಹೇಳಿದ್ದನ್ನು ನಂಬಿ, ತುಂಬು ಬಸುರಿ ಎಲೋಯ್ಸಾ ಗಡಿನದಿಯ ಸೇತುವೆ ದಾಟಿ ಬಂದಿದ್ದಳು. ಹೆತ್ತ ಮೇಲೆ ಬೀದಿಗೆಲ್ಲ ಸಾರಿದ್ದಳು. ಅಧ್ಯಕ್ಷಗಿರಿ ಹಾಳಾಗಲಿ, ಈಗ ಅವನಿಗೆ ಪಾಸ್‌ಪೋರ್ಟೇ ಇಲ್ಲ. ನದಿಯಾಚೆಯ ದೇಶದಲ್ಲಿ, ಅವಳ ತವರೂರು ಮಾತಮೋರೋಸ್‌ನಲ್ಲೂ ಅವನ ಹೆಸರಿನ ಜನನ ಪತ್ರ ಸಿಕ್ಕಿತ್ತು. ಇಲ್ಲಿಯೇ ಹುಟ್ಟಿದ್ದಕ್ಕೆ ನಲವತ್ತೈದು ದಿನದೊಳಗೆ ಸಾಕ್ಷಿ ಕೊಡಬೇಕೆಂದು ಪಾಸ್‌ಪೋರ್ಟ್ ಆಫೀಸಿನಿಂದ ಕಾಗದ ಬಂದಿತ್ತು. ಇಲ್ಲವಾದರೆ ಮೂವತ್ತು ವರ್ಷದ ಕೆಲಸವೂ ಹೋಗಿ, ಹೊರದೇಶದವನೆಂದು ಅಟ್ಟಿಬಿಡಬಹುದು. ಆ ಕಾಗದವನ್ನು ತನ್ನ ಅಂಚೆ ಚೀಲದಿಂದ ತೆಗೆದು ತನ್ನ ಮನೆಗೆ ಅವನೇ ಮುಟ್ಟಿಸಿದ್ದ.

"ಅಲ್ಲಮ್ಮಾ, ಇಲ್ಲಿ ಹೆತ್ತು ಅಲ್ಯಾಕೆ ಬರೆಸ್ದೆ?"

"ನಾನೆಲ್ಲಿ ಬರೆಸ್ದೆ? ನಿಮ್ಮಜ್ಜಿ ಬರೆಸಿದ್ದು. ನಾಲ್ಕು ವರ್ಷ ಅವಳ ಹತ್ರ ಬಿಟ್ಟಿದ್ನಲ್ಲ, ಅಲ್ಲಿ ಸ್ಕೂಲಿಗೆ ಅಲ್ಲೀ ಕಾಗದಾನೇ ಬೇಕಿತ್ತು. ಆಗ ಎಲ್ರೂ ಹಾಗೇ ಮಾಡ್ತಿದ್ರು. ಎರಡಿದ್ರೆ ಒಳ್ಳೇದೇ ಅಲ್ವಾ ಅಂದ್ಕೊಂಡ್ವಿ."

"ಎರಡು ದೋಣೀಲಿ ಕಾಲಿಟ್ಟ ಹಾಗಾಯ್ತು ನನ್ನ ಗತಿ." ಅವನು ಹಣೆಯ ಬೆವರು ಒರೆಸಿಕೊಂಡ. ಬಳಿಕ, ಕೇಳಬಾರದೆಂದು ಒಂದು ತಿಂಗಳಿಂದ ಹಿಡಿದಿಟ್ಟುಕೊಂಡಿದ್ದ ಮಾತು ಹೊರಬಿತ್ತು. "ನಿಜ ಹೇಳಮ್ಮಾ. ಇಲ್ಲೇ ಹೆತ್ತೆ ತಾನೇ?"

ಎಲೋಯ್ಸಾ ಅವನ ಮುಖವನ್ನೇ ನೋಡಿದಳು. ಆಫೀಸಿನವರು ಕೇಳಿದಾಗ ಸಿಟ್ಟು ಬಂದಿತ್ತು. ಈಗ ಬಂದದ್ದು ಅಳು.

"ನೀನೂ ಕೇಳ್ತೀಯಾ?" ಎಂದಳು.

ಊರುಗೋಲನ್ನು ಗೋಡೆಗೊರಗಿಸಿ, ಎರಡೂ ಕೈಯಲ್ಲಿ ಮೇಲಿನ ಟೈರು ಹಿಡಿದು ಎಳೆಯತೊಡಗಿದಳು. "ಅಜ್ಜೀ, ಸೊಂಟ ಹಿಡ್ಕೊಳ್ಳುತ್ತೆ, ಬಿಡಿ!" ಎಂದು ಚಾನೋ ಓಡಿಬಂದ. ಅವಳು ಬಿಡಲಿಲ್ಲ. ಕೊನೆಗೆ ಗಂಡಸರಿಬ್ಬರೂ ಕೈಹಚ್ಚಿದರು. ಟೈರುಗಳೆಲ್ಲ ಸರಿದ ಮೇಲೆ ಹಳೆಯ ಹಸಿರು ನೆಲ ಕಂಡಿತು. ಅದರಲ್ಲಿ ಮಂಚದ ಕಾಲು ಕೂತಿದ್ದ ಎರಡು ಗುಳಿ. ಉಳಿದೆರಡರ ಕಡೆ ಯಾರೋ ಸಿಮೆಂಟು ಮೆತ್ತಿದ್ದರು.

ಅವಳು ಗೋಡೆ ಹಿಡಿದು ಮೆಲ್ಲಗೆ ಅಲ್ಲೇ ಕುಳಿತಳು.

"ಈಗ ಕರಿ ಆ ಆಫೀಸರನ್ನ. ಬರೋವರೆಗೂ ನಾನು ಏಳಲ್ಲ."

ಬಾಲ್ಡೆಮಾರ್ ಅಂಚೆಯ ಟೋಪಿ ತೆಗೆದು, ಅವಳ ಪಕ್ಕದಲ್ಲಿ ಕುಳಿತುಕೊಂಡ.