ಯಜಮಾನಿಯ ಮೊಟ್ಟೆ

ಗಡಿಯಾರ ರಿಪೇರಿಯವನ ಮನೆಯಲ್ಲಿ ಇಬ್ಬರು ಯಜಮಾನಿಯರು. ಒಬ್ಬಳು ಹೆಂಡತಿ. ಇನ್ನೊಂದು, ಹೆಂಡತಿ ಸಾಕಿದ ಕಂದು ಬಣ್ಣದ ಕೋಳಿ. ಹಿತ್ತಲಿನಿಂದ ಅಡುಗೆಮನೆಯವರೆಗೆ ಎದೆ ಸೆಟೆಸಿಕೊಂಡು ಓಡಾಡುವ ಅದರ ಠೀವಿ ನೋಡಿ ಆ ಹೆಸರು ಇಟ್ಟವನು ಅವನೇ. ಹೆಸರಿಟ್ಟದ್ದಷ್ಟೇ ಅವನ ಪಾಲು. ಕಾಳು, ನೀರು, ಗೂಡು ಗುಡಿಸುವುದು ಎಲ್ಲ ಹೆಂಡತಿಯದು.

ಅವಳ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹೆಂಡತಿ ತವರಿಗೆ ಹೊರಟಳು. ಹೊರಡುವ ಗಡಿಬಿಡಿಯಲ್ಲೂ ಮನೆಯ ಮುಂದಿನ ಕೋಣೆಯಲ್ಲಿದ್ದ ಅವನ ಅಂಗಡಿಗೆ ಬಂದು ಒಂದು ಡಬ್ಬಿ ತೋರಿಸಿದಳು.

"ಇದು ಮೊಟ್ಟೆಚಿಪ್ಪಿನ ಪುಡಿ. ದಿನಾ ಒಂದು ಚಮಚ ನುಚ್ಚಿಗೆ ಕಲಸಿ ಹಾಕಿ. ಮರೀಬೇಡಿ ರೀ, ವಯಸ್ಸಾಗಿದೆ ಅದಕ್ಕೆ."

ಅವನು ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ, ಚಿಮುಟದ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ತಿರುಪು. ತಲೆ ಎತ್ತದೆ ಹೂಂಗುಟ್ಟಿದ.

ಮೂರು ವಾರ ಕಳೆಯಿತು. ನುಚ್ಚು ಎರಚುತ್ತಿದ್ದ, ನೀರು ತುಂಬಿಸುತ್ತಿದ್ದ. ಡಬ್ಬಿ ಅವನ ನೆನಪಿಗೇ ಬರಲಿಲ್ಲ. ದಿನಕ್ಕೊಮ್ಮೆ ಹೆಂಡತಿಯ ಫೋನು.

"ಊಟ ಆಯ್ತಾ?"

"ಆಯ್ತು. ಅತ್ತೆ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ. ಯಜಮಾನಿ?"

"ಚೆನ್ನಾಗಿದೆ."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಮದುವೆಯಾಗಿ ಇಪ್ಪತ್ತೆಂಟು ವರ್ಷ. ಇದಕ್ಕಿಂತ ಹೆಚ್ಚು ಮಾತಾಡಲು ಏನಿದೆ ಎಂದು ಅವನು ಯೋಚಿಸಿದವನೂ ಅಲ್ಲ.

ಒಂದು ಬೆಳಗ್ಗೆ ಗೂಡಿನ ಬಾಗಿಲು ತೆಗೆದರೂ ಕೋಳಿ ಹೊರಗೆ ಬರಲಿಲ್ಲ. ಮೂಲೆಯಲ್ಲಿ ಬಾಲ ಇಳಿಬಿಟ್ಟು, ಪುಕ್ಕವೆಲ್ಲ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ನಿಂತಿತ್ತು. ಆಗಾಗ ಮೈಯೆಲ್ಲ ಬಿಗಿಹಿಡಿದು ಮುಕ್ಕರಿಯುತ್ತಿತ್ತು, ಕೊಕ್ಕು ತೆರೆದು ಮುಚ್ಚುತ್ತಿತ್ತು. ಕಾಲ ಬುಡಕ್ಕೇ ನುಚ್ಚು ಹಾಕಿದರೂ ತಿರುಗಿ ನೋಡಲಿಲ್ಲ.

ಅವನು ಪಕ್ಕದ ಇಸ್ತ್ರಿ ಅಂಗಡಿಯ ಅಕ್ಕನನ್ನು ಕೂಗಿದ. ಅವಳು ಸೀರೆಯನ್ನು ಅರ್ಧಕ್ಕೇ ಬಿಟ್ಟು ಬಂದು, ಕೋಳಿಯನ್ನು ಕಂಕುಳಿಗೆ ಅವುಚಿಕೊಂಡು ಹೊಟ್ಟೆಯ ಕೆಳಗೆ ಮೆಲ್ಲಗೆ ಕೈಯಾಡಿಸಿದಳು.

"ಮೊಟ್ಟೆ ಸಿಕ್ಕಿಹಾಕ್ಕೊಂಡಿದೆ ಅಣ್ಣ. ಕೈಗೆ ಸಿಗ್ತಿದೆ ನೋಡಿ."

"ಹೇಗಾದ್ರೂ ತೆಗೆಯೋಕಾಗಲ್ವಾ?"

"ಇದೇನು ನಿಮ್ಮ ಗಡಿಯಾರಾನಾ, ಹಿಂದಿನ ಮುಚ್ಚಳ ಬಿಚ್ಚಿ ತೆಗೆಯೋಕೆ? ಒಳಗೇ ಒಡೆದುಹೋದ್ರೆ ಕಥೆ ಮುಗೀತು. ಮೊದ್ಲು ಡಾಕ್ಟರ ಹತ್ರ ಹೋಗಿ."

ಪಶು ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕೋಳಿಯನ್ನು ಮೇಜಿನ ಮೇಲೆ ಇಟ್ಟುಕೊಂಡು ಪರೀಕ್ಷಿಸುತ್ತ ಕೇಳಿದಳು: "ಸುಣ್ಣದಂಶ ಏನಾದ್ರೂ ಕೊಡ್ತಿದ್ದೀರಾ? ಚಿಪ್ಪಿನ ಪುಡಿ?"

"ಕೊಡ್ತಿದ್ದೀವಿ" ಎಂದುಬಿಟ್ಟ. ಅವಳು ಅದನ್ನು ಚೀಟಿಯಲ್ಲಿ ಬರೆದುಕೊಳ್ಳುವುದು ಕಂಡು ಕೈ ಅಡ್ಡ ಹಿಡಿದ. "ಅಲ್ಲ ಡಾಕ್ಟ್ರೇ, ನನ್ನ ಹೆಂಡತಿ ಕೊಡ್ತಿದ್ಲು. ಅವಳು ಊರಲ್ಲಿಲ್ಲ. ನಾನು ಮೂರು ವಾರದಿಂದ ಹಾಕೇ ಇಲ್ಲ."

ಡಾಕ್ಟರಮ್ಮ ಬೈಯಲಿಲ್ಲ. ಬರೆದದ್ದನ್ನು ಹೊಡೆದುಹಾಕಿದಳು. "ಅದೂ ಒಂದು ಕಾರಣ ಇರಬಹುದು. ವಯಸ್ಸೂ ಒಂದು ಕಾರಣ." ಒಂದು ಇಂಜೆಕ್ಷನ್ ಕೊಟ್ಟಳು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹೊಟ್ಟೆ ಮುಳುಗುವಂತೆ ಇಪ್ಪತ್ತು ನಿಮಿಷ ಕೂರಿಸಬೇಕು. ಒರೆಸಿ, ಮೊಟ್ಟೆ ಬರುವ ದಾರಿಗೆ ಸ್ವಲ್ಪ ಎಣ್ಣೆ ಹಚ್ಚಿ, ಕತ್ತಲೆಯ ಬೆಚ್ಚನೆ ಜಾಗದಲ್ಲಿ ಬಿಡಬೇಕು. ಒತ್ತಬಾರದು. "ನಾಳೆ ಬೆಳಗ್ಗೆವರೆಗೂ ಮೊಟ್ಟೆ ಬರ್ಲಿಲ್ಲ ಅಂದ್ರೆ ಕಷ್ಟ" ಎಂದಳು.

ಅಂಗಡಿಯ ಬಾಗಿಲು ಮುಂದೆ ಮಾಡಿ ಅವನು ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತ. ಟಬ್ಬಿಗೆ ಇಳಿಸಿದ ಕೂಡಲೇ ಕೋಳಿ ರೆಕ್ಕೆ ಬಡಿದು ಅವನ ಅಂಗಿಯನ್ನೆಲ್ಲ ತೋಯಿಸಿ, ಮುಂಗೈಯಲ್ಲಿ ಉದ್ದಕ್ಕೆ ಪರಚಿತು. ಅವನು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ನೀರಿನ ಬಿಸಿ ಹಿತವಾಗಿರಬೇಕು, ತನ್ನ ಭಾರವನ್ನೆಲ್ಲ ಅವನ ಅಂಗೈಗೆ ಬಿಟ್ಟು ಕೂತಿತು. ಇಷ್ಟು ವರ್ಷ ಮನೆಯಲ್ಲಿ ಓಡಾಡಿಕೊಂಡಿದ್ದ ಜೀವವನ್ನು ಅವನು ಕೈಯಲ್ಲಿ ಹಿಡಿದದ್ದು ಇದೇ ಮೊದಲು. ಪುಕ್ಕದ ಒಳಗೆ ಇಷ್ಟು ಸಣ್ಣ ಮೈ ಇದೆಯೆಂದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಫೋನು. ಒದ್ದೆ ಕೈಯಲ್ಲೇ ಎತ್ತಿದ.

"ಏನದು ನೀರಿನ ಸದ್ದು?"

"ಕೈ ತೊಳೀತಿದ್ದೆ."

"ಯಜಮಾನಿ ಹೇಗಿದೆ?"

"ಚೆನ್ನಾಗಿದೆ."

"ಪುಡಿ ಮುಗೀತಾ ಬಂದಿರ್ಬೇಕು, ಅಲ್ವಾ?"

"ಹೂಂ. ತಳ ಕಾಣ್ತಿದೆ."

ಫೋನು ಇಟ್ಟ ಮೇಲೆ ಕೋಳಿಯ ಮುಖ ನೋಡಲು ಅವನಿಗೆ ಮನಸ್ಸಾಗಲಿಲ್ಲ.

ಅದನ್ನು ಒರೆಸಿ, ಎಣ್ಣೆ ಹಚ್ಚಿ, ಹಳೆಯ ಪಂಚೆ ಹಾಸಿದ ಬುಟ್ಟಿಯಲ್ಲಿ ಕೂರಿಸಿ, ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದ. ಕಂಠದವರೆಗೆ ತುಂಬಿತ್ತು. ಹೆಂಡತಿ ಬರುವಷ್ಟರಲ್ಲಿ ಖಾಲಿ ಮಾಡಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಒಂದು ಚಮಚ ತೆಗೆದು ಮೋರಿಗೆ ಸುರಿದ. ಎರಡನೆಯ ಚಮಚ ತುಂಬಿದಾಗ ಕೈ ನಿಂತಿತು. ಪುಡಿ ಹಿಟ್ಟಿನಷ್ಟು ನುಣ್ಣಗಿತ್ತು. ಚಿಪ್ಪುಗಳನ್ನು ತೊಳೆದು, ಕುದಿಸಿ, ಬಿಸಿಲಿಗೆ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದದ್ದು. ಮಧ್ಯಾಹ್ನಗಳಲ್ಲಿ ಆ ಕುಟ್ಟುವ ಸದ್ದಿಗೆ ರೇಗಿ, "ತಲೆ ತಿನ್ನಬೇಡ ಮಾರಾಯ್ತಿ, ಇಲ್ಲಿ ಮುಳ್ಳು ಕೂರಿಸ್ತಿದ್ದೀನಿ" ಎಂದು ಅಂಗಡಿಯಿಂದಲೇ ಎಷ್ಟೋ ಸಲ ಕೂಗಿದ್ದ. ಅವಳು ಡಬ್ಬಿ, ಕುಟ್ಟಾಣಿ ಎತ್ತಿಕೊಂಡು ಹಿತ್ತಲ ತುದಿಗೆ ಹೋಗಿ ಕೂರುತ್ತಿದ್ದಳು. ಅವನು ಆ ಚಮಚವನ್ನು ಡಬ್ಬಿಗೇ ಸುರಿದು ಮುಚ್ಚಳ ಹಾಕಿದ.

ಮಧ್ಯಾಹ್ನ ಇನ್ನೊಂದು ಸಲ ನೀರಿನಲ್ಲಿ ಕೂರಿಸಿದ. ಅಂಗಡಿಯ ಮುಂದೆ ಯಾರೋ ಕರೆದು ಕರೆದು ಹೋದರು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಬುಟ್ಟಿಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಪಂಚೆಯ ಮೇಲೆ ಮೊಟ್ಟೆ: ಚಿಪ್ಪೇ ಇಲ್ಲದೆ, ಬರೀ ಪೊರೆ, ಸೊಟ್ಟಗೆ, ಒಂದು ಕಡೆ ರಕ್ತದ ಗೆರೆ. ಕೋಳಿ ಎದ್ದು, ಕಾಲು ನಡುಗಿಸುತ್ತ ಬಟ್ಟಲಿನ ಬಳಿ ಹೋಗಿ ನೀರು ಕುಡಿಯಿತು. ಕುಡಿದು ಕತ್ತೆತ್ತಿತು. ಮತ್ತೆ ಕುಡಿಯಿತು.

ಅವನು ಅಲ್ಲೇ ನೆಲದ ಮೇಲೆ ಕೂತು ಹೆಂಡತಿಗೆ ಫೋನು ಮಾಡಿದ.

"ಏನಾಯ್ತು ರೀ?" ಅವಳ ದನಿಯಲ್ಲಿ ಗಾಬರಿ. ತಾನಾಗಿ ಫೋನು ಮಾಡುವ ಗಂಡನಲ್ಲ ಅವನು.

ಎಲ್ಲವನ್ನೂ ಹೇಳಿದ. "ಡಬ್ಬಿ ತುಂಬಿದ ಹಾಗೇ ಇದೆ ಕಣೇ. ಸುಳ್ಳು ಹೇಳ್ದೆ. ಒಂದು ಚಮಚ ಮೋರಿಗೂ ಸುರಿದೆ."

ಬೈಗುಳಕ್ಕೆ ಅವನು ತಯಾರಾಗಿದ್ದ.

"ನೀರು ಕುಡೀತಾ?"

"ಕುಡೀತು."

"ರೀ... ಅಮ್ಮನೂ ಚೆನ್ನಾಗಿಲ್ಲ. ಹತ್ತು ದಿನದಿಂದ ನನ್ನ ಗುರುತೇ ಸಿಗ್ತಿಲ್ಲ. ಯಾರೋ ಕೆಲಸದವಳು ಅಂದ್ಕೊಂಡಿದ್ದಾರೆ. ಇವತ್ತು ಕೇಳಿದ್ರು, 'ನಿನಗೆ ತಾಯಿ ಇದ್ದಾರೇನಮ್ಮ' ಅಂತ."

"ದಿನಾ ಕೇಳ್ತಿದ್ನಲ್ಲ. ಯಾಕೆ ಹೇಳ್ಲಿಲ್ಲ?" ಎಂದ.

"ಕೇಳ್ತಿದ್ರಿ. ಚೆನ್ನಾಗಿದ್ದಾರೆ ಅಂದ್ರೆ ಸಾಕಪ್ಪ ಅನ್ನೋ ಹಾಗೆ ಕೇಳ್ತಿದ್ರಿ."

ಅವನು ಫೋನು ಇಡಲಿಲ್ಲ. ಅತ್ತೆ ಏನು ತಿನ್ನುತ್ತಾರೆ, ನಿದ್ದೆ ಬರುತ್ತದಾ, ಅವರನ್ನು ಮಗ್ಗುಲು ಹೊರಳಿಸಲು ಯಾರು ಕೈ ಕೊಡುತ್ತಾರೆ ಎಂದು ಒಂದೊಂದಾಗಿ ಕೇಳಿದ. ಅವಳು ಹೇಳುತ್ತಲೇ ಹೋದಳು. ಕಿಟಕಿಯ ಬೆಳಕು ನೆಲದಿಂದ ಗೋಡೆಗೆ ಏರಿ ಮಾಯವಾಗುವವರೆಗೂ ಮಾತಾಡಿದರು.

ಮೂರನೆಯ ದಿನ ಕೋಳಿ ಹಿತ್ತಲಿಗೆ ಇಳಿಯಿತು. ಇನ್ನು ಮೊಟ್ಟೆ ಇಡುವುದು ಅನುಮಾನ ಎಂದಳು ಡಾಕ್ಟರಮ್ಮ. ಇಡದಿದ್ದರೇ ಅದಕ್ಕೆ ಒಳ್ಳೆಯದು. ಅವನು ಇಸ್ತ್ರಿ ಅಕ್ಕನ ಕೈಗೆ ನುಚ್ಚು, ಡಬ್ಬಿ, ಚಮಚ ಕೊಟ್ಟು, ಹೇಗೆ ಕಲಸಬೇಕೆಂದು ಎರಡು ಸಲ ತೋರಿಸಿದ.

"ಮೊಟ್ಟೆ ಇಡದ ಕೋಳಿಗೆ ಇಷ್ಟೊಂದು ಉಪಚಾರ!" ಎಂದು ಅವಳು ನಕ್ಕಳು.

"ನಾನು ಯಾವ ಮೊಟ್ಟೆ ಇಡ್ತೀನಿ ಅಕ್ಕ? ನನಗೂ ಅನ್ನ ಹಾಕಿಲ್ವಾ ಅವಳು?"

ಅಂಗಡಿಗೆ ಬೀಗ ಹಾಕಿ ಬೆಳಗಿನ ಬಸ್ಸು ಹಿಡಿದ.

ಅವನು ತಲುಪಿದಾಗ ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಹೆಂಡತಿ ಅವರ ತಲೆ ಬಾಚುತ್ತಿದ್ದಳು. ಇಷ್ಟೇ ದಿನದಲ್ಲಿ ಅವಳ ಕಣ್ಣು ಗುಳಿಬಿದ್ದಿತ್ತು. ಬಾಗಿಲಲ್ಲಿ ಅವನನ್ನು ಕಂಡಾಗ ಅವಳ ಬಾಚಣಿಗೆ ಅಲ್ಲೇ ನಿಂತಿತು.

"ಯಾರಪ್ಪ ನೀನು?" ಅತ್ತೆ ಕೇಳಿದರು.

"ಇವಳ ಗಂಡ."

"ಓಹೋ." ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಒಳ್ಳೇ ಹುಡುಗಿ ಕಣಪ್ಪ. ಬೆಳಗ್ಗಿಂದ ಒಂದು ಗಳಿಗೆ ಕೂತಿಲ್ಲ. ಎಲ್ಲಾದ್ರೂ ಸ್ವಲ್ಪ ಮಲಗಿಸು."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಚೀಲ ಕೆಳಗಿಟ್ಟು, ಕೈ ತೊಳೆದು ಬಂದು, ಅವಳ ಕೈಯಿಂದ ಬಾಚಣಿಗೆ ತೆಗೆದುಕೊಂಡ. "ಹೋಗು, ಮಲಗು" ಎಂದ. ಅವಳು ಒಂದು ಕ್ಷಣ ಅವನನ್ನೇ ನೋಡಿ ಪಕ್ಕದ ಕೋಣೆಗೆ ಹೋದಳು. ಅತ್ತೆಯ ಬಿಳಿ ಕೂದಲು ತುದಿಯಲ್ಲೆಲ್ಲ ಸಿಕ್ಕಾಗಿತ್ತು. ಅವನು ಮಂಚದ ಅಂಚಿಗೆ ಕೂತು, ನೋಯದ ಹಾಗೆ, ತುದಿಯಿಂದ ಬಿಡಿಸಲು ಶುರುಮಾಡಿದ.