ಅಕ್ಕನ ಲಗಾಮು

ಅಕ್ಕ ಜ್ವರದಲ್ಲಿ ತೀರಿಕೊಂಡ ಮೇಲೆ ಬೂದಿ ಯಾರ ಕೈಗೂ ಒಗ್ಗಲಿಲ್ಲ. ಬೂದಿ ಎಂದರೆ ಅಪ್ಪನ ಸವಾರಿ ಶಾಲೆಯ ಹೆಣ್ಣುಕುದುರೆ. ಮೈಬಣ್ಣವೇ ಅದರ ಹೆಸರಾಗಿತ್ತು. ಹತ್ತಿದವರನ್ನು ಕೆಡವುವಷ್ಟು ಕೆಟ್ಟ ಪ್ರಾಣಿಯೇನಲ್ಲ. ಆದರೆ ಲಗಾಮು ಹಿಡಿದ ಕೂಡಲೇ ತಲೆಯನ್ನು ಮೇಲಕ್ಕೆ ಎಸೆದು, ಬಾಯಿ ತೆರೆದು, ಹಿಂದಹಿಂದಕ್ಕೆ ಹೋಗಿ ಬೇಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿತ್ತು. ಆಮೇಲೆ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಮಕ್ಕಳು ಕಲಿಯಲು ಬರುವ ಜಾಗದಲ್ಲಿ ಅಂಥ ಕುದುರೆಯನ್ನು ಕಟ್ಟಿಕೊಂಡು ಮಾಡುವುದೇನು? ಅಪ್ಪ ವ್ಯಾಪಾರಿಗೆ ಹೇಳಿ ಕಳಿಸಿದ. ಭಾನುವಾರ ಲಾರಿ ತರುತ್ತೇನೆಂದು ಅವನೂ ಒಪ್ಪಿಕೊಂಡ.

ಸುದ್ದಿ ಕೇಳಿ ತಂಗಿಯ ಎದೆ ಧಸಕ್ಕೆಂದಿತು. ಈ ತಂಗಿಯನ್ನು ಮನೆಯವರೆಲ್ಲ ಗಡಿಬಿಡಿ ಎಂದೇ ಕರೆಯುತ್ತಿದ್ದರು, ಅದು ಸುಳ್ಳೂ ಅಲ್ಲ. ಬಾಗಿಲು ತೆಗೆಯುವ ಮೊದಲೇ ಒಳಗೆ ನುಗ್ಗುವ ಹುಡುಗಿ. ಕುದುರೆ ಹತ್ತಿದರೆ ಬಾವಿಯಿಂದ ನೀರು ಸೇದುವವಳ ಹಾಗೆ ಲಗಾಮು ಎಳೆಯುತ್ತಿದ್ದಳು. ಅಕ್ಕನದು ಹಾಗಲ್ಲ. ಅವಳ ಮೊಣಕೈಯಿಂದ ಕುದುರೆಯ ಬಾಯಿಯವರೆಗೆ ಒಂದೇ ಗೆರೆ ಎಳೆದಂತೆ ಇರುತ್ತಿತ್ತು. ಕುದುರೆ ಹೆಜ್ಜೆಗೊಮ್ಮೆ ಕತ್ತು ಆಡಿಸಿದರೆ ಆ ಕೈಯೂ ಅದರ ಜೊತೆಗೇ ಹೋಗಿ, ಜೊತೆಗೇ ಬರುತ್ತಿತ್ತು. ತಿರುಗಿಸುವ ಮೊದಲು, ನಿಲ್ಲಿಸುವ ಮೊದಲು, ಉಂಗುರದ ಬೆರಳನ್ನು ಮೆಲ್ಲಗೆ ಎರಡು ಸಲ ಮಡಿಸುತ್ತಿದ್ದಳು, ಬಾಗಿಲು ತಟ್ಟಿ ಒಳಗೆ ಬರಲಾ ಎಂದು ಕೇಳುವ ಹಾಗೆ. ಅಂಥ ಕೈಯನ್ನು ಬಲ್ಲ ಜೀವವನ್ನು ಲಾರಿಗೆ ಹತ್ತಿಸಿಬಿಟ್ಟರೆ ಅಕ್ಕನದು ಅಂತ ಉಳಿಯುವುದೇನು? ಗಡಿಬಿಡಿಗೆ ಬೂದಿ ಬೇಕಾಗಿತ್ತು, ಅಷ್ಟೇ.

ಅಪ್ಪ ಹುಲ್ಲು ತರಲು ಹೋಗಿದ್ದ ಒಂದು ಮಧ್ಯಾಹ್ನ ಅವಳು ತಾನೇ ಜೀನು ಬಿಗಿದು ಹತ್ತಿದಳು. ಬೂದಿ ತಲೆ ಎಸೆಯುವುದನ್ನೇ ಕಾಯುತ್ತ ಹಲ್ಲು ಕಚ್ಚಿ ಕೂತಳು. ಅಷ್ಟರಲ್ಲಿ ಅವಳ ಉಂಗುರದ ಬೆರಳು ಮಡಿಸಿಕೊಂಡಿತು. ಅವಳು ಮಡಿಸಿದ್ದಲ್ಲ. ಇನ್ನೊಮ್ಮೆ ಮಡಿಸಿಕೊಂಡಿತು. ಬೂದಿ ಉಸಿರು ಬಿಟ್ಟು, ಕತ್ತು ಇಳಿಸಿ, ನಡೆಯತೊಡಗಿತು. ಗಡಿಬಿಡಿಯ ಮೈಯೆಲ್ಲ ಜುಮ್ಮೆಂದಿತು. ಕೈ ತೆಗೆದುಬಿಡೋಣವೆಂದುಕೊಂಡಳು; ಅದು ಮಾತು ಕೇಳಲಿಲ್ಲ. ಕುದುರೆಯ ಬಾಯಿಯ ಜೊತೆ ಹೋಗುತ್ತಲೂ ಬರುತ್ತಲೂ ತನ್ನ ಪಾಡಿಗೆ ತಾನಿತ್ತು. ಮೈದಾನ ಸುತ್ತಿ ಬರುವಾಗ ನೋಡಿದರೆ, ಅಪ್ಪ ಹುಲ್ಲಿನ ಹೊರೆಯನ್ನು ಕೆಳಗೆ ಹಾಕಿ ಬೇಲಿ ಹಿಡಿದು ನಿಂತಿದ್ದ. ಬೈಯಲಿಲ್ಲ. ಸಂಜೆ ವ್ಯಾಪಾರಿಗೆ ಫೋನ್ ಮಾಡಿ, ಲಾರಿ ಸದ್ಯಕ್ಕೆ ಬೇಡ, ಚಿಕ್ಕವಳ ಕೈಯಲ್ಲಿ ಹೀಗೇ ನಡೆದರೆ ಇಟ್ಟುಕೊಳ್ಳುತ್ತೇನೆ ಎಂದ.

ಇದು ಮೈದಾನದಲ್ಲೇ ಮುಗಿದಿದ್ದರೆ ಬೇರೆ ಮಾತು. ಆ ಕೈ ಮನೆಗೂ ಬಂತು. ಒಗೆದ ಬಟ್ಟೆಗಳನ್ನು ಉಂಡೆ ಮಾಡಿ ಕಪಾಟಿಗೆ ತುರುಕುತ್ತಿದ್ದವಳು ಈಗ ಅಂಚಿಗೆ ಅಂಚು ಕೂಡಿಸಿ ಮಡಿಸತೊಡಗಿದಳು. ತನ್ನ ಬೂಟಿನ ದಾರಕ್ಕೆ ತಾನು ಎಂದಿನಿಂದಲೂ ಹಾಕುತ್ತಿದ್ದ ಗಂಟು ಅವಳಿಗೆ ಬರಲೇ ಇಲ್ಲ. ಒಂದು ದಿನ ಅಮ್ಮನ ತಲೆ ಬಾಚಲು ಕೂತಾಗ ಬೆರಳುಗಳು ತಾವಾಗಿಯೇ ಸಿಕ್ಕು ಬಿಡಿಸಿ, ಅಕ್ಕ ಹಾಕುತ್ತಿದ್ದ ಸಡಿಲ ಜಡೆ ಹಾಕಿದವು. ಮಗಳು ಹೋದಾಗಿನಿಂದ ಅನ್ನಕ್ಕೆ ಕೈ ಹಾಕಿ ಹಾಗೇ ಏಳುತ್ತಿದ್ದ ಅಮ್ಮ ಅವತ್ತು ಹೊಟ್ಟೆ ತುಂಬ ಉಂಡಳು. ಕೈ ತೊಳೆದು ಬರುತ್ತ, ದೊಡ್ಡವಳೇ, ಆ ದೀಪ ಆರಿಸು ಎಂದಳು. ತಪ್ಪಿ ಆಡಿದ ಮಾತನ್ನು ಯಾರೂ ತಿದ್ದಲಿಲ್ಲ. ಗಡಿಬಿಡಿ ಎದ್ದು ದೀಪ ಆರಿಸಿದಳು. ಅವಳಿಗೆ ಹೆದರಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಗಿತ್ತು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೆ ನಾಚಿಕೆಯೂ ಆಯಿತು.

ಲಾಯದಲ್ಲಿ ಲಗಾಮಿನ ತೊಗಲಿಗೆ ಎಣ್ಣೆ ಹಚ್ಚುತ್ತ ಕೂತಿದ್ದಾಗ ಅವಳಿಗೆ ಹೊಳೆಯಿತು. ಅವರ ಶಾಲೆಯಲ್ಲಿ ಒಬ್ಬೊಬ್ಬ ಸವಾರನಿಗೆ ಒಂದೊಂದು ಲಗಾಮು. ತೊಗಲು ಹಿಡಿದವರ ಕೈಗೆ ಪಳಗುತ್ತದೆ, ಕುದುರೆ ಆ ಹಿಡಿತಕ್ಕೆ ಪಳಗುತ್ತದೆ. ಸವಾರ ಶಾಲೆ ಬಿಟ್ಟರೆ ಅವನ ಲಗಾಮನ್ನು ಬಿಚ್ಚಿಟ್ಟು, ಕುದುರೆಗೆ ಹೊಸದು ಹಾಕುತ್ತಾರೆ. ಇಲ್ಲದಿದ್ದರೆ ಅದು ಹಳೆಯ ಕೈಯನ್ನೇ ಕಾಯುತ್ತ ಕೂರುತ್ತದೆ. ಇದು ಅಪ್ಪನದೇ ಪಾಠ, ಬಂದವರಿಗೆಲ್ಲ ಹೇಳಿಕೊಟ್ಟದ್ದು. ಈಗ ಗಡಿಬಿಡಿಯ ಮಡಿಲಲ್ಲಿದ್ದುದು ಅಕ್ಕನ ಲಗಾಮು. ಅವಳು ಹೋದ ಮೇಲೆ ಬೂದಿಯನ್ನು ಹತ್ತಿದವರೆಲ್ಲ ಇದನ್ನೇ ಹಿಡಿದಿದ್ದರು. ಪ್ರತಿ ಸಲವೂ ಆ ಪ್ರಾಣಿ ಅಕ್ಕ ಬಂದಳೆಂದುಕೊಂಡು, ಅಲ್ಲವೆಂದು ತಿಳಿದು ತಲೆ ಎಸೆದಿತ್ತು.

ಅವಳು ನೇರ ಅಪ್ಪನ ಬಳಿಗೆ ಹೋದಳು.

"ಅಪ್ಪ, ಇದನ್ನ ಯಾಕೆ ಬದಲಾಯಿಸಿಲ್ಲ?"

ಅಪ್ಪ ಗೊರಸು ಕೆರೆಯುವುದನ್ನು ನಿಲ್ಲಿಸಲಿಲ್ಲ. "ಬದಲಾಯಿಸಿದ್ರೆ ಅದಕ್ಕೆ ಗೊತ್ತಾಗಿಬಿಡತ್ತೆ."

"ಗೊತ್ತಾಗಬೇಕಲ್ವಾ?"

"ಈಗ ಸರಿಹೋಗಿದೆಯಲ್ಲ. ಅದರಲ್ಲೇ ಓಡಿಸು, ಕಂದ."

ಅಪ್ಪ ಕಂದ ಎಂದು ಕರೆಯುತ್ತಿದ್ದುದು ಅಕ್ಕನನ್ನು ಮಾತ್ರ. ಗಡಿಬಿಡಿ ಲಾಯಕ್ಕೆ ವಾಪಸಾಗಿ, ಬೂದಿಯ ಕತ್ತಿಗೆ ಮುಖ ಒತ್ತಿ ಅತ್ತಳು. ಹಳೆಯ ಲಗಾಮು ಹಿಡಿದರೆ ಕುದುರೆ ಉಳಿಯುತ್ತದೆ, ಅಮ್ಮ ಉಣ್ಣುತ್ತಾಳೆ, ಅಪ್ಪ ಬೇಲಿಯ ಬಳಿ ನಿಂತು ಕಣ್ತುಂಬ ನೋಡುತ್ತಾನೆ. ತಾನೊಬ್ಬಳು ಇಲ್ಲದಂತಾದರೆ ಮೂವರಿಗೂ ಸುಖ. ಹೊಸದು ಹಿಡಿದರೆ ಬಹುಶಃ ಲಾರಿ ಬರುತ್ತದೆ.

ಮರುದಿನ ಸವಾರಿ ನೋಡಲು ಅಮ್ಮನೂ ಬಂದಳು. ಮಗಳು ಹೋದ ಮೇಲೆ ಅವಳು ಮೈದಾನದ ಕಡೆ ತಲೆ ಹಾಕಿದ್ದು ಅದೇ ಮೊದಲು. ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು, ಯಾರನ್ನೋ ಎದುರುಗೊಳ್ಳಲು ಬಂದವಳಂತೆ ಅಪ್ಪನ ಪಕ್ಕ ನಿಂತಳು. ಆದರೂ ಗಡಿಬಿಡಿ ಬೂದಿಗೆ ಹಾಕಿ ತಂದದ್ದು ಇನ್ನೂ ಎಣ್ಣೆ ಕುಡಿಯದ, ಬಿರುಸಾದ ಹೊಸ ಲಗಾಮು.

ಹತ್ತಿದಳು. ಬೂದಿ ಕಿವಿಗಳನ್ನು ಹಿಂದಕ್ಕೆ ತಿರುಗಿಸಿ, ಬಾಯಿಯ ಕಬ್ಬಿಣವನ್ನು ಮೆಲ್ಲಗೆ ಜಗಿಯುತ್ತ ಕಾಯಿತು. ಅವಳೂ ಕಾದಳು. ಬೆರಳು ಮಡಿಸಿಕೊಳ್ಳಲಿಲ್ಲ. ಬೇಡವೆಂದು ತಾನೇ ನಿರ್ಧರಿಸಿ ಬಂದಿದ್ದವಳು ಆ ಗಳಿಗೆಯಲ್ಲಿ, ಅಕ್ಕ, ಇನ್ನೊಂದೇ ಒಂದು ಸಲ ಬಾ ಎಂದು ಮನಸ್ಸಿನಲ್ಲೇ ಅಂಗಲಾಚಿದಳು. ಬರಲಿಲ್ಲ. ಕೈ ತನ್ನದಾಗಿತ್ತು, ಒರಟಾಗಿತ್ತು, ಖಾಲಿಯಾಗಿತ್ತು. ಗಾಬರಿಯಲ್ಲಿ ಎಳೆದೇಬಿಟ್ಟಳು. ಬೂದಿ ತಲೆ ಎಸೆದು, ಹಿಂದಹಿಂದಕ್ಕೆ ಹೋಗಿ ಬೇಲಿಗೆ ತಾಗಿ ನಿಂತಿತು. ಆಮೇಲೆ ಗೇಟಿನ ಕಡೆ ಕತ್ತು ಚಾಚಿ ಉದ್ದಕ್ಕೆ ಕೆನೆಯಿತು. ಜೊತೆಯ ಕುದುರೆಯನ್ನು ಎಲ್ಲಿಗಾದರೂ ಹೊಡೆದುಕೊಂಡು ಹೋದಾಗ ಕುದುರೆಗಳು ಹಾಗೆ ಕೂಗುತ್ತವೆ. ಬೂದಿ ಅಕ್ಕನಿಗಾಗಿ ಹಾಗೆ ಕೂಗಿದ್ದು ಅವತ್ತೇ ಮೊದಲು.

"ಹೋದಳು," ಎಂದ ಅಪ್ಪ. ಹೆಣ ಎತ್ತಿದ ದಿನವೂ ಅವನು ಆ ಮಾತು ಆಡಿರಲಿಲ್ಲ. ಬೇಲಿಯ ಕಂಬಕ್ಕೆ ಹಣೆ ಹಚ್ಚಿ ನಿಂತುಬಿಟ್ಟ.

ಅಮ್ಮ ಬೇಲಿಯ ಮೇಲಿಂದ ಬಾಗಿದಳು. "ಹಳೇದನ್ನೇ ಹಾಕ್ಕೊಂಡು ಬಾರೆ. ನಿನ್ನ ಕಾಲು ಹಿಡೀತೀನಿ."

"ಅಮ್ಮ," ಎಂದಳು ಗಡಿಬಿಡಿ. "ಇಲ್ಲಿ ಕೂತಿರೋದು ನಾನು."

ಅಪ್ಪ ಕಂಬ ಬಿಟ್ಟು, ಮುಖ ಒರೆಸಿಕೊಂಡು ಒಳಗೆ ಬಂದ. ಬೂದಿಯ ಕೆನ್ನೆ ಹಿಡಿದು ಸಮಾಧಾನ ಮಾಡಿದ. ಬಿಗಿದುಕೊಂಡಿದ್ದ ಮಗಳ ಮುಷ್ಟಿಯನ್ನು ಬಿಡಿಸಿ, ಕಿರುಬೆರಳು ಲಗಾಮಿನ ಹೊರಗೆ, ಹೆಬ್ಬೆರಳು ಮೇಲೆ, ಹೀಗೆ ಒಂದೊಂದಾಗಿ ಕೂಡಿಸಿದ.

"ಮೊಣಕೈ ಸಡಿಲ ಬಿಡು, ಗಡಿಬಿಡಿ," ಎಂದ. "ಮೊದಲಿಂದ ಶುರು ಮಾಡೋಣ."

ಅವಳು ಸಡಿಲ ಬಿಟ್ಟಳು. ಬೂದಿ ಮನಸ್ಸಿಲ್ಲದ ಮನಸ್ಸಿನಿಂದ ಒಂದು ಹೆಜ್ಜೆ ಇಟ್ಟಿತು. ಅಮ್ಮ ಮಾತ್ರ ಬೇಲಿ ಬಿಟ್ಟು ಕದಲದೆ, ಮಗಳ ಉಂಗುರದ ಬೆರಳನ್ನೇ ನೋಡುತ್ತ ನಿಂತಿದ್ದಳು.